ಕಾಫಿನಾಡಿನಲ್ಲಿ ಮುಪ್ಪು ಮತ್ತು ಆರೋಗ್ಯ

ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆ ಎಂಬತ್ತು ದಾಟಿದವರ ಆರೋಗ್ಯ ವಿಚಾರಿಸುವಾಗ ಮೊದಲು ಬರುವ ಮಾತು ‘ಇನ್ನೂ ತೋಟಕ್ಕೆ ಹೋಗ್ತಾರಾ?’ ಎಂಬುದು. ಬಿ.ಪಿ., ಶುಗರ್ ಎಲ್ಲ ಆಮೇಲೆ. ಮುಪ್ಪನ್ನು ಕಾಲಿನಿಂದ ಅಳೆಯುವ ಈ ರೂಢಿಯನ್ನು ವೈದ್ಯಶಾಸ್ತ್ರವೂ ಒಪ್ಪುತ್ತದೆ. ಮೂವತ್ತು ದಾಟಿದ ಮೇಲೆ ದೇಹದ ಸ್ನಾಯು ದಶಕಕ್ಕೆ ಸುಮಾರು ಶೇ. 3ರಿಂದ 8ರಷ್ಟು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಕೂತವರಲ್ಲಿ ಈ ನಷ್ಟ ಹೆಚ್ಚು, ನಡೆಯುವವರಲ್ಲಿ ಕಡಿಮೆ.

ಕಾಫಿನಾಡಿನ ನಡಿಗೆ ಬಯಲುಸೀಮೆಯ ನಡಿಗೆಯಂತಲ್ಲ. ಮನೆಯಿಂದ ಕಣಕ್ಕೆ ಇಳಿಯಬೇಕು, ಹಳ್ಳ ದಾಟಬೇಕು, ಎದುರಿನ ಗುಡ್ಡ ಹತ್ತಬೇಕು. ಹತ್ತುವಾಗ ಹೃದಯಕ್ಕೂ ಶ್ವಾಸಕೋಶಕ್ಕೂ ಕೆಲಸ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯುತ್ತವೆ. ಆಸ್ಟ್ರಿಯಾದ ಆಲ್ಪ್ಸ್‌ನಲ್ಲಿ ಒಂದು ತಂಡ ಇದನ್ನೇ ಬಿಡಿಸಿ ನೋಡಿತು. ಅದೇ ಜನ ಎರಡು ತಿಂಗಳು ಬೆಟ್ಟ ಹತ್ತಿ ಕೇಬಲ್ ಕಾರಿನಲ್ಲಿ ಇಳಿದರು, ಇನ್ನೆರಡು ತಿಂಗಳು ಕೇಬಲ್ ಕಾರಿನಲ್ಲಿ ಹತ್ತಿ ನಡೆದು ಇಳಿದರು. ಹತ್ತಿದಾಗ ರಕ್ತದ ಟ್ರೈಗ್ಲಿಸರೈಡ್ ಕೊಬ್ಬು ಇಳಿಯಿತು. ಬರೀ ಇಳಿದಾಗ ಸಕ್ಕರೆ ಅರಗಿಸುವ ಶಕ್ತಿ ಸುಧಾರಿಸಿತು. ನೂರು ತುಂಬಿದ ಗಂಡಸರಿಗೆ ಹೆಸರಾದ ಇಟಲಿಯ ಸಾರ್ಡೀನಿಯಾ ದ್ವೀಪದಲ್ಲೂ ದೀರ್ಘಾಯುಷ್ಯ ಹೆಚ್ಚು ಕಂಡದ್ದು ಕುರಿ ಮೇಯಿಸುವ, ಕಡಿದಾದ ನೆಲದ, ಕೆಲಸಕ್ಕೆ ದೂರ ನಡೆಯಬೇಕಾದ ಹಳ್ಳಿಗಳಲ್ಲೇ.

ಆದರೆ ಗುಡ್ಡ ಎಲ್ಲರನ್ನೂ ಒಂದೇ ರೀತಿ ಕಾಯುವುದಿಲ್ಲ. ಊರುಗೋಲು ಹಿಡಿದು ತೋಟ ಸುತ್ತಿ ಬರುವ ಯಜಮಾನರ ನಡಿಗೆ ಬೇರೆ, ಹಣ್ಣು ತುಂಬಿದ ಚೀಲ ಹೊತ್ತು ಅದೇ ಇಳಿಜಾರಿನಲ್ಲಿ ಮೂವತ್ತು ವರ್ಷ ಇಳಿದ ಹೆಂಗಸಿನ ನಡಿಗೆ ಬೇರೆ. ನವೆಂಬರ್‌ನಲ್ಲಿ ಅರೇಬಿಕಾದಿಂದ ಶುರುವಾಗುವ ಕೊಯ್ಲು ರೊಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್ ಆಗಿರುತ್ತದೆ. ಭಾರ ಹೊತ್ತ ಮಂಡಿ ಬಲಿಯುವುದಕ್ಕಿಂತ ಸವೆಯುವುದೇ ಹೆಚ್ಚು. ತೋಟದ ಆಳುಗಳು ಇರುವ ಲೈನ್ ಮನೆಯೂ ಕೆಲಸಕ್ಕೆ ಅಂಟಿಕೊಂಡಿದ್ದು. ಕೆಲಸ ನಿಂತರೆ ಸೂರಿನ ಚಿಂತೆಯೂ ಶುರು. 65 ದಾಟಿದ ಬಡವರಿಗಾಗಿ ರಾಜ್ಯ ಸರ್ಕಾರ 2007ರಲ್ಲಿ ತಂದ ಸಂಧ್ಯಾ ಸುರಕ್ಷಾ ಪಿಂಚಣಿ ಒಂದು ಆಸರೆ. ಕಾಫಿನಾಡಿನ ಹಿರಿಯರ ಗಟ್ಟಿತನವನ್ನು ಹೊಗಳುವವರು ಈ ಮಂಡಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಳೆಗಾಲದ ದೊಡ್ಡ ಶತ್ರು ಜಾರಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ. ಅವರಲ್ಲಿ ಅರವತ್ತು ದಾಟಿದವರ ಪಾಲು ಎಲ್ಲಕ್ಕಿಂತ ದೊಡ್ಡದು. ಪಾಚಿ ಕಟ್ಟುವ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿ ದಾರಿ ಮಾಡುವ ಮಲೆನಾಡಿನ ಹಳೆಯ ಪದ್ಧತಿ ಎಷ್ಟು ಸೊಂಟಗಳನ್ನು ಉಳಿಸಿದೆಯೋ! ಅಂಗಳಕ್ಕೆ ಸಿಕ್ಕ ಈ ಎಚ್ಚರ ಬಚ್ಚಲುಮನೆಗೆ ಇನ್ನೂ ಸಿಗಬೇಕಿದೆ. ನುಣುಪು ಟೈಲ್ಸ್ ಬದಲು ಒರಟು ಕಲ್ಲು, ಗೋಡೆಗೊಂದು ಹಿಡಿಕೆ, ರಾತ್ರಿಗೊಂದು ದೀಪ ಇದ್ದರೆ ಬಹಳ ಅಪಾಯ ತಪ್ಪುತ್ತದೆ. 65 ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನ ಮತ್ತು ಬಲ ಹೆಚ್ಚಿಸುವ ವ್ಯಾಯಾಮ ಮಾಡಬೇಕೆಂಬುದು ಅದೇ ಸಂಸ್ಥೆಯ 2020ರ ಸಲಹೆ. ಮಳೆ ಬಿಡದೆ ಹೊಯ್ಯುವ ದಿನಗಳಲ್ಲಿ ಜಗಲಿಯ ಕಂಬ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಕುರ್ಚಿಯಿಂದ ಕೈಯೂರದೆ ಏಳುವುದು ಸಾಕು.

ಊಟದಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಕಳಲೆ, ಅಣಬೆ, ಕೆಸುವಿನ ಪತ್ರೊಡೆ, ಒಂದೆಲಗದ ತಂಬುಳಿ ಇವೆಲ್ಲ ಕಾಲಕಾಲಕ್ಕೆ ಸೊಪ್ಪು-ನಾರನ್ನು ತಟ್ಟೆಗೆ ತರುತ್ತವೆ. ಚರಕ ಸಂಹಿತೆ ಬುದ್ಧಿ ಹೆಚ್ಚಿಸುವ ರಸಾಯನಗಳೆಂದು ಹೇಳುವ ನಾಲ್ಕರಲ್ಲಿ ಮಂಡೂಕಪರ್ಣಿ, ಅಂದರೆ ಒಂದೆಲಗವೂ ಒಂದು. ಆದರೆ ಅಕ್ಕಿ ರೊಟ್ಟಿ, ಕಡುಬು, ಅನ್ನ ಎಂದು ಮೂರು ಹೊತ್ತೂ ಅಕ್ಕಿಯೇ ಆದರೆ ಸ್ನಾಯುವಿಗೆ ಬೇಕಾದ ಪ್ರೋಟೀನ್ ಕಮ್ಮಿ ಬೀಳುತ್ತದೆ. ಕಾಳು, ಮೊಟ್ಟೆ, ಮೀನು ಪಕ್ಕದಲ್ಲಿರಬೇಕು. ಮಿಡಿ ಉಪ್ಪಿನಕಾಯಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಮಳೆಗಾಲದ ಜೀವಾಳ, ನಿಜ. ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿ ದಾಟುವುದೂ ಅಲ್ಲೇ. ಊಟದ ನಂತರದ ಕವಳದ ಬಗ್ಗೆ ಮುಲಾಜಿಲ್ಲದೆ ಹೇಳಬೇಕು: ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದು ಸಾಬೀತಾಗಿದೆ, ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು.

ಇನ್ನು ಕಾಫಿ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಪ್ರಯೋಗ ಕೇಂದ್ರ ಗಿಡದ ಆರೋಗ್ಯ ನೋಡಿಕೊಂಡಿತು. ಕುಡಿಯುವವರ ಆರೋಗ್ಯದ ಪ್ರಶ್ನೆಗೆ ಉತ್ತರ ಬೇರೆ ಕಡೆಗಳಿಂದ ಬಂತು. ಯುರೋಪಿನ ಹತ್ತು ದೇಶಗಳ ಐದು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇಟ್ಟುಕೊಂಡು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಫಿ ಹೆಚ್ಚು ಕುಡಿಯುವವರ ಸಾವಿನ ಪ್ರಮಾಣ ಕಡಿಮೆ ಇತ್ತು. ಇದಕ್ಕೆ ಕಾಫಿಯೇ ಕಾರಣವೆಂದು ಅದು ಸಾಬೀತು ಮಾಡಲಿಲ್ಲ, ಆದರೆ ಭಯವನ್ನಂತೂ ಕಳೆಯಿತು. ಬೆಲ್ಲ, ಸಕ್ಕರೆ ಸುರಿದ ಲೋಟಕ್ಕೆ ಈ ಮಾತು ಅನ್ವಯಿಸದು. ಕೆಫೀನ್‌ನ ಅರ್ಧದಷ್ಟು ಮೈಯಿಂದ ಹೋಗಲು ಸುಮಾರು ಐದು ತಾಸು ಬೇಕು. ಸಂಜೆ ಲೋಟ ಖಾಲಿ ಮಾಡಿ ರಾತ್ರಿಯೆಲ್ಲ ಹೊರಳಾಡುವವರಿಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಮರೆವಿನ ಕಾಯಿಲೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಇದು ಹಳ್ಳಿಗರನ್ನು ಹೇಗೆ ಹಿಡಿಯುತ್ತದೆ ಎಂದು ತಿಳಿಯಲು ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರದಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ನಡೆಸುತ್ತಿದೆ. ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ತಿದ್ದಿಕೊಳ್ಳಬಹುದಾದ 14 ಕಾರಣಗಳಲ್ಲಿ ಒಂಟಿತನವೂ ಕಿವುಡೂ ಇವೆ. ಮಕ್ಕಳು ಬೆಂಗಳೂರು ಸೇರಿದ ಒಂಟಿಮನೆಗಳಲ್ಲಿ ಇವೆರಡೂ ಜೊತೆಯಾಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮೇಲೆ ಮಳೆ ಸುರಿಯುವಾಗ ಕಿವಿ ಚುರುಕಾಗಿರುವವರೇ ಕೂಗಿ ಮಾತಾಡಬೇಕು. ಕಿವಿ ಮಂದವಾದ ಅಜ್ಜನೋ ಅಜ್ಜಿಯೋ ಮನೆಯ ಮಾತಿನಿಂದಲೇ ತಿಂಗಳುಗಟ್ಟಲೆ ಹೊರಗುಳಿಯುತ್ತಾರೆ. ಅದಕ್ಕೇ ಕಿವಿ ಪರೀಕ್ಷೆಯನ್ನು ಮೇ ತಿಂಗಳೊಳಗೆ, ಮಳೆ ಹಿಡಿಯುವ ಮೊದಲೇ ಮಾಡಿಸುವುದು ಒಳ್ಳೆಯದು.