ದಾಂಪತ್ಯ ಶಿಕ್ಷಣ: ಸಂಶೋಧನೆಗಳು ಹೇಳುವುದೇನು?

ಹಂಪಿಯಲ್ಲಿ ವಿರೂಪಾಕ್ಷ ಮತ್ತು ಪಂಪಾದೇವಿಯ ನಿಶ್ಚಿತಾರ್ಥವು 'ಫಲಪೂಜೆ' ಎಂಬ ಹೆಸರಿನಿಂದ ಮಾರ್ಗಶಿರ ಮಾಸದಲ್ಲಿ ನೆರವೇರುತ್ತದೆ. ಕಲ್ಯಾಣೋತ್ಸವ ನಡೆಯುವುದು ಚೈತ್ರದಲ್ಲಿ. ಮನುಷ್ಯರ ಮದುವೆಗಳಲ್ಲಿ ಈ ನಡುವಿನ ಅವಧಿಯು ಜವಳಿ, ಬಂಗಾರ, ಕಲ್ಯಾಣ ಮಂಟಪಗಳ ಏರ್ಪಾಡಿನಲ್ಲಿಯೇ ಕಳೆದುಹೋಗುವುದು ರೂಢಿ. ವಧೂವರರನ್ನು ಸಹಬಾಳ್ವೆಗೆ ಸಿದ್ಧಗೊಳಿಸುವ ತರಬೇತಿಗೆ ದಾಂಪತ್ಯ ಶಿಕ್ಷಣವೆಂದು ಹೆಸರು.

ಸ್ವರೂಪ

ದಾಂಪತ್ಯ ಶಿಕ್ಷಣವು ಆಪ್ತಸಮಾಲೋಚನೆಗಿಂತ ಭಿನ್ನವಾದುದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯು ರಾಜಿ ಪ್ರಯತ್ನಕ್ಕೆ ಅವಕಾಶ ಕಲ್ಪಿಸಿದೆಯಾದರೂ ಅದು ವ್ಯಾಜ್ಯ ಹುಟ್ಟಿದ ಅನಂತರದ ಮಾತು. ಶಿಕ್ಷಣವು ಅದಕ್ಕೂ ಮುಂಚಿನದು. ಮಾತುಕತೆ, ಕೋಪದ ನಿಯಂತ್ರಣ, ಹಣಕಾಸಿನ ನಿರ್ಧಾರ, ಮನೆಗೆಲಸದ ಹಂಚಿಕೆ ಮುಂತಾದವು ಅದರ ಪಾಠಗಳು.

ವಿದೇಶಗಳ ಅನುಭವ

ಅಮೆರಿಕದಲ್ಲಿ 5,000ಕ್ಕೂ ಹೆಚ್ಚು ಅವಿವಾಹಿತ ಜೋಡಿಗಳ ಮೇಲೆ ನಡೆದ ಬೃಹತ್ ಅಧ್ಯಯನದಲ್ಲಿ, ತರಬೇತಿಯಿಂದ ಜೋಡಿಗಳು ಒಟ್ಟಿಗೆ ಉಳಿಯುವ ಪ್ರಮಾಣ ಒಟ್ಟಾರೆಯಾಗಿ ಹೆಚ್ಚಲಿಲ್ಲ. ವಿವಾಹಿತ ದಂಪತಿಗಳ ಕುರಿತ, 2014ರಲ್ಲಿ ಪ್ರಕಟವಾದ ಮತ್ತೊಂದು ವರದಿಯಲ್ಲಿ ಕಂಡುಬಂದದ್ದು ಅಲ್ಪ ಸುಧಾರಣೆ ಮಾತ್ರ. ಆದರೆ ರುವಾಂಡಾದಲ್ಲಿ ಎಳೆಯ ಮಕ್ಕಳ ತಂದೆಯರನ್ನೂ ಅವರ ಪತ್ನಿಯರನ್ನೂ ಒಟ್ಟುಗೂಡಿಸಿ ನಡೆಸಿದ 'ಬಂಡೆಬೆರೆಹೊ' ಕಾರ್ಯಕ್ರಮದಿಂದ ಪತ್ನಿಯರ ಮೇಲಿನ ಹಿಂಸೆ ಗಣನೀಯವಾಗಿ ತಗ್ಗಿದುದು 2018ರಲ್ಲಿ ವರದಿಯಾಯಿತು.

ಕರ್ನಾಟಕದ ಅಧ್ಯಯನಗಳು

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ 2017ರವರೆಗೆ 'ಸಮತಾ' ಯೋಜನೆ ನಡೆಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಬಾಲಕಿಯರನ್ನು ಶಾಲೆಯಲ್ಲಿ ಉಳಿಸಿ ಬಾಲ್ಯವಿವಾಹ ತಡೆಯುವುದು ಅದರ ಗುರಿ. ಯೋಜನೆಯಿದ್ದ ಹಳ್ಳಿಗಳಿಗೂ ಇಲ್ಲದ ಹಳ್ಳಿಗಳಿಗೂ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ.

ಬೆಂಗಳೂರಿನ 'ದಿಲ್ ಮಿಲ್' ಪ್ರಯೋಗ ಬೇರೊಂದು ದಾರಿ ಹಿಡಿಯಿತು. ಗರ್ಭಿಣಿ ಸೊಸೆಯ ಜೊತೆಗೆ ಅತ್ತೆಯನ್ನೂ ಕಾರ್ಯಕ್ರಮಕ್ಕೆ ಸೇರಿಸಿಕೊಳ್ಳಲಾಯಿತು. ಭಾಗವಹಿಸಿದ ಕಾರಣಕ್ಕೇ ಸೊಸೆಗೆ ಮನೆಯಲ್ಲಿ ಅಪಾಯ ಒದಗಬಾರದೆಂಬ ಎಚ್ಚರಿಕೆಯು ಅದರ ವಿನ್ಯಾಸದ ಮುಖ್ಯ ಅಂಗವಾಗಿತ್ತು.

ಬೆಂಗಳೂರಿನ ಬಡ ಬಡಾವಣೆಗಳ 744 ಯುವ ವಿವಾಹಿತೆಯರನ್ನು ಕುರಿತ, 2010ರಲ್ಲಿ ಪ್ರಕಟವಾದ ಅಧ್ಯಯನ ಇನ್ನಷ್ಟು ಚಿಂತನಾರ್ಹ. ಪತಿಗೆ ಹೊಸದಾಗಿ ಉದ್ಯೋಗದ ತೊಂದರೆ ಎದುರಾದ ಮನೆಗಳಲ್ಲಿ ಹಿಂಸೆಯ ಸಂಭವ ಹೆಚ್ಚಿತ್ತು. ಪತ್ನಿ ಹೊಸದಾಗಿ ದುಡಿಯಲು ಹೊರಟಾಗಲೂ ಹೆಚ್ಚಿತ್ತು.

ಹೊಸಪೇಟೆ ಸೀಮೆಗೆ ಅನ್ವಯ

ಅಂದಿನ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಸ್ಥಗಿತಗೊಳಿಸಿದಾಗ ಸಂಡೂರು ಮತ್ತು ಹೊಸಪೇಟೆಗಳಲ್ಲಿ ಗಣಿ, ಲಾರಿ ಸಾಗಣೆಗಳನ್ನೇ ನಂಬಿದ್ದ ಕುಟುಂಬಗಳ ಆದಾಯಕ್ಕೆ ಪೆಟ್ಟುಬಿತ್ತು. ಇಂತಹ ಸೀಮೆಯಲ್ಲಿ ದಾಂಪತ್ಯ ಶಿಕ್ಷಣವನ್ನು ಆರಂಭಿಸುವುದಾದರೆ, ಕೆಲಸ ತಪ್ಪಿದಾಗ ಮನೆ ನಡೆಸುವ ಬಗೆ, ಪತ್ನಿಯ ದುಡಿಮೆಯನ್ನು ಗೌರವಿಸುವ ಬಗೆಗಳೂ ಅದರ ಪಾಠವಾಗಬೇಕಾಗುತ್ತದೆ.

ಬೆಂಗಳೂರು ಮತ್ತು ರುವಾಂಡಾದ ಅನುಭವಗಳನ್ನು ಒಟ್ಟಾಗಿ ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಹೊಂದಿಕೊಂಡು ಹೋಗೆಂದು ಹೆಣ್ಣಿಗೆ ಮಾತ್ರ ಬೋಧಿಸುವುದು ದಾಂಪತ್ಯ ಶಿಕ್ಷಣವಾಗದು. ಗಂಡನೂ ಅತ್ತೆಯೂ ಪಾಠಕ್ಕೆ ಕುಳಿತುಕೊಳ್ಳಬೇಕು; ಹಿಂಸೆಯಿರುವ ಮನೆಯಲ್ಲಿ ರಾಜಿಗಿಂತ ಮೊದಲು ಆಕೆಯ ಸುರಕ್ಷೆಯನ್ನು ನೋಡಬೇಕು.