ಎರಂಬರಗೆಯ ನೀಲಿ ಬೆಳಕು

ಯಲಬುರ್ಗಾದ ಹಳೆಯ ಹೆಸರು ಎರಂಬರಗೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಸಿಂದರ ರಾಜಧಾನಿ. ಸಿಂದರ ಬಗ್ಗೆ ಶಾಸನಗಳಿವೆ, ಪುಸ್ತಕಗಳಿವೆ. ಇದೇ ಊರಿನ ಕಾರುಗಳೊಳಗೆ ಈಗ ರಾತ್ರಿ ಹೊಳೆಯುವ ನೀಲಿ ಗೆರೆಗೂ ಒಂದು ಚರಿತ್ರೆ ಇದೆಯೆಂದರೆ ಜನ ನಗುತ್ತಾರೆ. ನನಗೇನೋ ಅದು ಇದೆ ಅನ್ನಿಸುತ್ತದೆ.

ನಮ್ಮ ಕಡೆ ಎತ್ತಿನ ಬಂಡಿಯ ಅಚ್ಚಿನ ಕೆಳಗೆ ಕಂದೀಲು ತೂಗುತ್ತಿತ್ತು. ಬೆಳಕು ದಾರಿಗೆ, ಎದುರು ಬರುವವರಿಗೆ. ಒಳಗೆ ಕೂತವರಿಗೆ ಕತ್ತಲೆಯೇ. ಕಾರು ಬಂದ ಮೇಲೆ ಛಾವಣಿಗೊಂದು ಪುಟ್ಟ ಬಲ್ಬು ಬಂತು, ಅಷ್ಟೇ.

ಬಣ್ಣಕ್ಕೆ ಬಹಳ ಕಾಯಬೇಕಾಯಿತು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿದರು. ನೀಲಿ ಮಾತ್ರ ಹಟ ಹಿಡಿಯಿತು: ಅದಕ್ಕೆ ಬೇಕಾದ ಗ್ಯಾಲಿಯಂ ನೈಟ್ರೈಡ್ ಹರಳನ್ನು ಚೆನ್ನಾಗಿ ಬೆಳೆಸುವುದು ಸುಲಭವಿರಲಿಲ್ಲ. ಜಪಾನಿನ ಅಕಸಾಕಿ, ಅಮಾನೊ ದಾರಿ ತೆರೆದರು. 1993ರ ಹೊತ್ತಿಗೆ ನಕಮುರಾ ಪ್ರಖರ ನೀಲಿಯನ್ನು ಕೈಗಿತ್ತರು. 2014ರಲ್ಲಿ ಮೂವರಿಗೂ ನೊಬೆಲ್. ಕೆಂಪು, ಹಸಿರಿನ ಜೊತೆ ನೀಲಿ ಸೇರಿದ ಮೇಲೆಯೇ ಪಟ್ಟಿಯಿಂದ ಬೇಕಾದ ಬಣ್ಣ ಹೊರಟಿತು.

ಪಟ್ಟಿ ಅಂಟಿಸುವ ಹುಡುಗರಿಗೆ ಈ ಹೆಸರುಗಳು ಬೇಕಿಲ್ಲ, ಲೆಕ್ಕ ಕೈಯಲ್ಲೇ ಇದೆ. ಮೂರು ಮೂರು ದೀಪಗಳ ಗುರುತಿನಲ್ಲೇ ಕತ್ತರಿಸುತ್ತಾರೆ. ನೀಲಿ ದೀಪವೊಂದಕ್ಕೆ ಸುಮಾರು 3 ವೋಲ್ಟ್, ಮೂರಕ್ಕೆ 9, ಕಾರಿನ 12ರಲ್ಲಿ ಉಳಿದದ್ದನ್ನು ಒಂದು ರೋಧಕ ನುಂಗುತ್ತದೆ. ಎಂಜಿನ್ ಓಡುವಾಗ 12 ಎಂಬುದು 14ರ ಹತ್ತಿರ ಹೋಗುತ್ತದೆ, ಆಗ ರೋಧಕದ ಕೆಲಸ ಇನ್ನೂ ಹೆಚ್ಚು. ಫ್ಯೂಸ್ ಇಲ್ಲದೆ ತಂತಿ ಎಳೆಯುವವರೂ ಇದ್ದಾರೆ; ಅವರ ಧೈರ್ಯ ನನಗೆ ಹಿಡಿಸುವುದಿಲ್ಲ.

ಪಟ್ಟಿ ಕಾಲಬುಡದಲ್ಲಿದ್ದರೆ ಚೆಂದ. ಡ್ಯಾಶ್‌ಬೋರ್ಡಿನ ಮೇಲೆ ಉರಿದರೆ ಮುಂದಿನ ಗಾಜಿನಲ್ಲಿ ಅದರದೇ ಬಿಂಬ ಮೂಡುತ್ತದೆ. ಕುಷ್ಟಗಿ ರಸ್ತೆಯಲ್ಲಿ ಕತ್ತಲಾದ ಮೇಲೆ ಹೊಲದಿಂದ ಮರಳುವ ಬಂಡಿ ಆ ಬಿಂಬದ ಹಿಂದೆ ಅಡಗಿಬಿಡಬಹುದು. ಅದರ ಅಚ್ಚಿಗೆ ಈಗ ಕಂದೀಲೂ ಇರುವುದಿಲ್ಲ.