ಮಾರ್ಷಲ್ ಒಡ್ಡಿದ ಪೇದೆ

ಚದುರಂಗದಲ್ಲಿ ಅತ್ಯಂತ ಸಣ್ಣ ಕಾಯಿ ಪೇದೆ. ಫಾರಸಿಯ 'ಪಿಯಾದಾ' ಎಂಬ ಪದದಿಂದ ಬಂದ ಈ ಹೆಸರಿಗೆ ಕಾಲ್ನಡಿಗೆಯ ಸಿಪಾಯಿ ಎಂದರ್ಥ. 1918ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಇಂಥ ಒಂದು ಪೇದೆಯನ್ನು ಬಿಟ್ಟುಕೊಟ್ಟದ್ದರಿಂದ ನಡೆದ ಕಾಳಗವನ್ನು ಆಟಗಾರರು ಇಂದಿಗೂ ಮರೆತಿಲ್ಲ.

ಬಿಳಿ ಕಾಯಿ ಕ್ಯೂಬಾದ ಕಾಪಾಬ್ಲಾಂಕ ಅವರದು, ಕಪ್ಪು ಅಮೆರಿಕದ ಚಾಂಪಿಯನ್ ಫ್ರಾಂಕ್ ಮಾರ್ಷಲ್ ಅವರದು. 1909ರ ಪಂದ್ಯದಲ್ಲಿ ಇಪ್ಪತ್ತರ ಹರೆಯದ ಕಾಪಾಬ್ಲಾಂಕ 8 ಆಟ ಗೆದ್ದಿದ್ದರು; ಮಾರ್ಷಲ್‌ಗೆ ದಕ್ಕಿದ್ದು ಒಂದೇ. ಆ ಸೋಲಿನ ಲೆಕ್ಕ ತೀರಿಸಲು ಮಾರ್ಷಲ್ ಹೊಸ ದಾಳಿಯೊಂದನ್ನು ವರ್ಷಗಟ್ಟಲೆ ಬಚ್ಚಿಟ್ಟಿದ್ದರೆಂಬ ಕಥೆಯಿದೆ. ಕಥೆ ಸೊಗಸಾಗಿದೆ, ಆದರೆ ಪೂರ್ತಿ ನಂಬುವಂತಿಲ್ಲ. 1893ರಲ್ಲೇ, ಅದೂ ಕಾಪಾಬ್ಲಾಂಕರ ಊರಾದ ಹವಾನಾದಲ್ಲೇ, ಆ ನಡೆ ಬಂದುಹೋಗಿತ್ತು!

ಆಟ ಆರಂಭವಾದದ್ದು ರೂಯ್ ಲೋಪೆಜ್ ಎಂಬ ಹಳೆಯ ಕ್ರಮದಲ್ಲಿ. ಎಂಟನೆಯ ನಡೆಗೆ ಮಾರ್ಷಲ್ ನಡುಮನೆಯ ಪೇದೆಯನ್ನು ಎರಡು ಮನೆ ಮುಂದೂಡಿದರು. ಕಾಪಾಬ್ಲಾಂಕ ಯೋಚಿಸಿದರು. ಎದುರಾಳಿ ಮನೆಯಲ್ಲಿ ಎಲ್ಲವನ್ನೂ ಪರೀಕ್ಷಿಸಿ ಬಂದಿದ್ದಾರೆ, ತಾನು ಕುಳಿತಲ್ಲೇ ಉತ್ತರ ಹುಡುಕಬೇಕು ಎಂಬುದು ಅವರಿಗೆ ತಿಳಿದಿತ್ತು. ಆದರೂ ಸವಾಲಿಗೆ ಬೆನ್ನು ತೋರಿಸದೆ ಪೇದೆಯನ್ನು ಹೊಡೆದರು.

ಮುಂದೆ ದಾಳಿಯ ಮೇಲೆ ದಾಳಿ. ಹದಿನೈದನೆಯ ನಡೆಗೆ ಕಪ್ಪು ಕುದುರೆ ರಾಜನ ಪಕ್ಕದ ಪೇದೆಯನ್ನೇ ಕಬಳಿಸಿತು. ಆ ಕುದುರೆಯನ್ನು ಮಂತ್ರಿಯಿಂದ ಹೊಡೆಯಲು ಯಾರ ಕೈಯೂ ತುರಿಸೀತು. ಹೊಡೆದಿದ್ದರೆ ಕಪ್ಪು ಒಂಟೆ ಮೊದಲು ಶಹ್ ಕೊಟ್ಟು ರಾಜನನ್ನು ಸರಿಸಿ, ಆಮೇಲೆ ಮಂತ್ರಿಯನ್ನು ಬೆನ್ನಟ್ಟುತ್ತಿತ್ತು. ಕಾಪಾಬ್ಲಾಂಕ ಆನೆಯನ್ನು ಒಂದೇ ಮನೆ ಮುಂದಿಟ್ಟರು. ನನ್ನ ಮಟ್ಟಿಗೆ ಇಡೀ ಆಟದ ಜೀವ ಇರುವುದು ಈ ಸದ್ದಿಲ್ಲದ ನಡೆಯಲ್ಲಿ. ಬಳಿಕ ಅವರ ರಾಜ ಒಂದೊಂದೇ ಮನೆ ದಾಟಿ ಹಲಗೆಯ ಇನ್ನೊಂದು ಬದಿಗೆ ನಡೆದುಹೋದ. ಕಪ್ಪು ಮಂತ್ರಿ ಖಾಲಿಯಾದ ಮೂಲೆಯಲ್ಲೇ ಉಳಿಯಿತು. ಅಷ್ಟರಲ್ಲಿ ಬಿಳಿಯ ಪೇದೆಯೊಂದು ಏಳನೆಯ ಸಾಲು ಮುಟ್ಟಿತ್ತು. 36ನೆಯ ನಡೆಗೆ ಮಾರ್ಷಲ್ ಸೋಲೊಪ್ಪಿದರು.

ಗೆದ್ದವರು 1921ರಲ್ಲಿ ವಿಶ್ವ ಚಾಂಪಿಯನ್ ಆದರು. ಆದರೆ ಆ ದಾಳಿಗೆ ಉಳಿದದ್ದು ಸೋತವರ ಹೆಸರು, 'ಮಾರ್ಷಲ್ ದಾಳಿ'. ಮಾರ್ಷಲ್ ಅವರೇ ಆಮೇಲೆ ಅದನ್ನು ತಿದ್ದಿದರು. ಹನ್ನೊಂದನೆಯ ನಡೆಯಲ್ಲಿ ಕುದುರೆಯನ್ನು ಕದಲಿಸದೆ ಪೇದೆಯಿಂದ ಅದಕ್ಕೆ ಆಸರೆ ಕೊಟ್ಟರು. 1965ರಲ್ಲಿ ತಾಲ್ ಅವರಂಥ ದಾಳಿಕೋರರ ಎದುರು ಸ್ಪಾಸ್ಕಿ ಇದನ್ನೇ ನೆಚ್ಚಿದರು. ಈಗಲೂ ಎಷ್ಟೋ ಗ್ರ್ಯಾಂಡ್‌ಮಾಸ್ಟರುಗಳು ಎಂಟನೆಯ ನಡೆಯಲ್ಲೇ ದಾರಿ ಬದಲಿಸಿ ಆ ಪೇದೆಯ ಗೊಡವೆಗೆ ಹೋಗುವುದಿಲ್ಲ.